ಸೂಚನಾ ಫಲಕವನ್ನು ಓದದ ಸಮುದಾಯ

ಸರಕಾರಿ ಪ್ರೌಢಶಾಲೆಯೊಂದರ ಒಂದು ವಾರದ ಸುದ್ದಿಯಲ್ಲಿ ಏನಿರುತ್ತದೆ? ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಪತ್ರಿಕೆಯ ಶೀರ್ಷಿಕೆಗಳನ್ನು ಯಾವ ತರಗತಿಯ ಯಾರು ಓದಬೇಕು ಎಂಬ ಪಟ್ಟಿ ಇರುತ್ತದೆ. ಶಾಲಾ ಸಂಸತ್ತಿನ ಚುನಾವಣೆಗೆ ನಾಮಪತ್ರ ಸಲ್ಲಿಸುವ ದಿನ, ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿಗೆ ಹೆಸರು ಕೊಡುವ ದಿನ, ತಾಲೂಕು ಕ್ರೀಡಾಕೂಟಕ್ಕೆ ಹೊರಡುವ ವೇಳೆ ಬರೆದಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದ ಮಕ್ಕಳ ಹೆಸರುಗಳು, ಪೋಷಕರ ಸಭೆಯ ತಿಳುವಳಿಕೆ ಇರುತ್ತದೆ. ಕೆಳಗೆ, ಸುಣ್ಣದ ಕಡ್ಡಿಯಲ್ಲಿ ಬರೆದ ಅಂದಿನ ಹಾಜರಾತಿ. ಇವುಗಳಲ್ಲಿ ಯಾವುದೂ ದಿನಪತ್ರಿಕೆಯ ಮುಖಪುಟಕ್ಕೆ ಬರುವಂಥದ್ದಲ್ಲ. ಆದರೆ ಒಂದು ಮಗು ಹತ್ತನೇ ತರಗತಿಯ ಆಚೆ ದಾಟುತ್ತದೆಯೋ ಇಲ್ಲವೋ ಎಂಬುದರ ನಿರ್ಧಾರ ಬಹುಪಾಲು ಈ ಫಲಕದ ಮೇಲೆಯೇ ಆಗಿರುತ್ತದೆ.

ಪ್ರಶ್ನೆ ಇಷ್ಟೇ. ಬಳ್ಳಾರಿಯ ಕೌಲ್‌ಬಜಾರಿನಲ್ಲಿ, ಸಿರುಗುಪ್ಪದ ಮೊಹಲ್ಲಾಗಳಲ್ಲಿ, ಕುರುಗೋಡಿನ ಓಣಿಗಳಲ್ಲಿ ಈ ಸುದ್ದಿ ತಲುಪುವ ಮುಸ್ಲಿಮ್ ಮನೆಗಳು ಎಷ್ಟು? ದಿಲ್ಲಿಯಲ್ಲಿ ಯಾವ ಮಂತ್ರಿ ಏನು ಹೇಳಿದ ಎಂಬುದು ನಮಗೆ ಗಂಟೆಯೊಳಗೆ ಗೊತ್ತಾಗುತ್ತದೆ. ಗಾಝಾದ ಮೇಲೆ ಬಿದ್ದ ಬಾಂಬಿನ ದೃಶ್ಯ ನಮ್ಮ ಮೊಬೈಲಿಗೆ ಬಂದು ಹತ್ತು ಮಂದಿಗೆ ರವಾನೆಯೂ ಆಗಿರುತ್ತದೆ. ಉತ್ತರ ಪ್ರದೇಶದ ಬುಲ್ಡೋಜರು ಯಾವ ಬೀದಿಗೆ ಹೊರಳಿತು ಎಂದು ಚಹಾದಂಗಡಿಯಲ್ಲಿ ಕುಳಿತು ವಿವರಿಸಬಲ್ಲವರಿದ್ದಾರೆ. ಇವೆಲ್ಲ ತಿಳಿಯಬೇಕಾದ ಸುದ್ದಿಗಳೇ, ತಕರಾರಿಲ್ಲ. ಆದರೆ ಮೂರು ಓಣಿ ಆಚೆಗಿರುವ ಶಾಲೆಯಲ್ಲಿ ತನ್ನ ಮಗ ಕಳೆದ ಹನ್ನೊಂದು ದಿನಗಳಿಂದ ಗೈರುಹಾಜರಾಗಿದ್ದಾನೆ ಎಂಬ ಸುದ್ದಿ ಅದೇ ತಂದೆಗೆ ತಲುಪುವುದು ಪರೀಕ್ಷಾ ಪ್ರವೇಶಪತ್ರ ಸಿಗದೆ ಹೋದಾಗ. ಜಗತ್ತಿನ ಸುದ್ದಿಗೆ ತೆರೆದ ಕಿವಿ ಸ್ವಂತ ಮಗುವಿನ ಸುದ್ದಿಗೆ ಮುಚ್ಚಿಕೊಂಡಿರುವುದನ್ನು ಜಾಗೃತಿ ಎಂದು ಕರೆಯಲಾದೀತೇ?

2006ರ ನವೆಂಬರಿನಲ್ಲಿ ಜಸ್ಟಿಸ್ ರಾಜಿಂದರ್ ಸಾಚಾರ್ ಸಮಿತಿಯ ವರದಿ ಪಾರ್ಲಿಮೆಂಟಿನ ಮುಂದೆ ಬಂದಾಗ ಅದರ ಒಂದು ಅಂಕಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ, ಇಲ್ಲವೇ ಹತ್ತಿ ಇಳಿದುಬಿಟ್ಟಿದ್ದರು. ಮುಸ್ಲಿಮರೆಲ್ಲ ಮಕ್ಕಳನ್ನು ಮದ್ರಸಾಕ್ಕೆ ತಳ್ಳುತ್ತಾರೆ ಎಂಬ ಜನಪ್ರಿಯ ಸುಳ್ಳಿಗೂ ಅದೇ ವರದಿ ಉತ್ತರಿಸಿತ್ತು. ಪೂರ್ಣಾವಧಿ ಮದ್ರಸಾಗಳಿಗೆ ಹೋಗುವ ಮಕ್ಕಳು ಶೇ. 4ಕ್ಕೂ ಮಿಕ್ಕಿರಲಿಲ್ಲ. ಅಂದರೆ ಶಾಲೆ ಬಿಟ್ಟ ಮಗು ಮದ್ರಸಾದಲ್ಲೂ ಇರಲಿಲ್ಲ. ಅದು ಗ್ಯಾರೇಜಿನಲ್ಲಿತ್ತು, ಬೀಡಿ ಕಟ್ಟುವಲ್ಲಿತ್ತು, ಹೋಟೆಲಿನ ಹಿಂಬದಿಯಲ್ಲಿತ್ತು. ಈ ವರದಿಯನ್ನು ನಾವು ಸರಕಾರಗಳ ವಿರುದ್ಧದ ಆರೋಪಪಟ್ಟಿಯೆಂದು ಓದಿದೆವು. ತಪ್ಪೇನಲ್ಲ, ಅದು ಆರೋಪಪಟ್ಟಿಯೇ ಹೌದು. ಆದರೆ ವೇದಿಕೆಯ ಮೇಲೆ ನಿಂತು ಸಾಚಾರ್ ಸಾಚಾರ್ ಎಂದು ಎರಡು ದಶಕ ಕೂಗಿದ ಮುಖಂಡರಲ್ಲಿ ಎಷ್ಟು ಮಂದಿ ತಮ್ಮ ವಾರ್ಡಿನ ಪ್ರೌಢಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆಯಾದರೂ ಕೇಳಿ ನೋಡಿದ್ದಾರೆ?

ಈಗ ಆ ಗೆರೆ ಮೇಲಕ್ಕೆ ಸರಿದಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 14 ವರ್ಷದವರೆಗೆ, ಅಂದರೆ ಎಂಟನೇ ತರಗತಿಯ ತನಕ, ಮಗುವನ್ನು ಕೈಹಿಡಿದು ನಡೆಸುತ್ತದೆ. ಅಲ್ಲಿಗೆ ಕೈಬಿಡುತ್ತದೆ. ಒಂಬತ್ತನೇ ತರಗತಿ ಎಂಬುದು ಹಕ್ಕಿನ ಬೇಲಿಯ ಆಚೆಗಿನ ಜಾಗ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಕೂಡ 14ರ ಒಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿ, 14ರಿಂದ 18ರವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸುತ್ತದೆ. ಅದಕ್ಕಿಂತ ದೊಡ್ಡ ಕಂಡಿ ಇನ್ನೊಂದಿದೆ. ಶಾಲಾವಧಿಯ ನಂತರ, ರಜೆಯಲ್ಲಿ, ಕುಟುಂಬದ ಉದ್ಯಮಕ್ಕೆ ಮಗು ನೆರವಾಗಬಹುದಂತೆ! ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮನೆಮನೆಗೆ ಗಂಟುಗಳಲ್ಲಿ ಬರುತ್ತದೆ. ತುಂಡಿಗೆ ಇಷ್ಟು ಪೈಸೆಯೆಂದು ಎಣಿಸಿ ಕೊಡುವ ಆ ಗಂಟನ್ನು ಬಿಚ್ಚಿ ಕೂತ ತಾಯಿಯ ಪಕ್ಕದಲ್ಲಿ ಕತ್ತರಿ ಹಿಡಿದ ಮಗಳೂ ಇದ್ದರೆ, ಅದು ಕಾನೂನಿನ ಕಣ್ಣಿಗೆ ಕುಟುಂಬದ ನೆರವು. ಗುತ್ತಿಗೆದಾರನಿಗೆ ಅದು ಅಗ್ಗದ ಕೂಲಿ. ಸಿರುಗುಪ್ಪ, ಕುರುಗೋಡು ಕಡೆ ಇದರ ರೂಪ ಬೇರೆ. ತುಂಗಭದ್ರಾ ಕಾಲುವೆಯ ಭತ್ತದ ಸೀಮೆ ಅದು, ಅಕ್ಕಿ ಗಿರಣಿಗಳ ಸೀಮೆ, ಮೆಣಸಿನಕಾಯಿ ಮತ್ತು ಹತ್ತಿಯ ಸೀಮೆ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೂ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಎರಡು ತಿಂಗಳ ಕೂಲಿಯ ಎದುರು ಒಂದು ಪರೀಕ್ಷೆ ಸೋಲುವುದು ಈ ಸೀಮೆಯ ಹಳೆಯ ಕಥೆ.

ಬಡತನದ ಮಾತು ಬಂದಾಗ ನಾಲಿಗೆ ಬಿಗಿಹಿಡಿಯಬೇಕು, ನಿಜ. ಹೊಟ್ಟೆ ತುಂಬಿದವನು ಹಸಿದವನಿಗೆ ವಿದ್ಯೆಯ ಮಹತ್ವ ಬೋಧಿಸುವುದು ಸುಲಭ. ಆದ್ದರಿಂದ ಈ ಲೇಖನದ ಜಗಳ ಮುಖ್ಯವಾಗಿ ಕೂಲಿಯವನ ಜೊತೆಗಲ್ಲ. ಅಂಗಡಿಯಿದ್ದೂ, ಸ್ವಂತ ಮನೆಯಿದ್ದೂ, ಮದುವೆಯ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವ ಶಕ್ತಿಯಿದ್ದೂ, ಶಾಲೆಯ ಚಟುವಟಿಕೆ ಎಂದೊಡನೆ ‘ಅದೆಲ್ಲ ವೇಸ್ಟ್, ಓದಿಕೊಂಡಿರಲಿ ಸಾಕು’ ಎನ್ನುವ ಪಟ್ಟಣದ ಗೃಹಸ್ಥನ ಜೊತೆಗೆ. ಆತ ಭಾಷಣ ಸ್ಪರ್ಧೆಗೆ ಮಗನನ್ನು ಕಳಿಸುವುದಿಲ್ಲ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಕಾರ್ಡ್‌ಬೋರ್ಡು ಕೊಳ್ಳಲು ಐವತ್ತು ರೂಪಾಯಿ ಕೇಳಿದರೆ ಮೇಷ್ಟರನ್ನೇ ಶಂಕಿಸುತ್ತಾನೆ. ಬ್ಯಾಗ್ ರಹಿತ ಶನಿವಾರದಂದು ಮಗುವನ್ನು ಅಂಗಡಿಯಲ್ಲಿ ಕೂರಿಸುತ್ತಾನೆ, ಪಾಠವೇ ಇಲ್ಲದ ದಿನ ಶಾಲೆ ಯಾಕೆ ಎಂಬುದು ಆತನ ತರ್ಕ.

ಈ ತರ್ಕವನ್ನು ಲೆಕ್ಕದಿಂದಲೇ ಮುರಿಯಬಹುದು. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ ಪ್ರಥಮ ಭಾಷೆಯ 25 ಅಂಕಗಳು, ಉಳಿದ ಪ್ರತಿ ವಿಷಯದ 20 ಅಂಕಗಳು ವರ್ಷವಿಡೀ ಶಾಲೆಯಲ್ಲೇ ನಡೆಯುವ ಆಂತರಿಕ ಮೌಲ್ಯಮಾಪನದ್ದು. ಕಿರುಪರೀಕ್ಷೆ, ಯೋಜನೆ, ಚಟುವಟಿಕೆ ಎಲ್ಲ ಅದರಲ್ಲಿ ಸೇರುತ್ತವೆ. ಕೂಡಿಸಿ ನೋಡಿ: 125. ಒಟ್ಟು ಅಂಕಗಳ ಐದನೇ ಒಂದು ಪಾಲು! ವೇಸ್ಟ್ ಎಂದು ಗೃಹಸ್ಥನು ತಳ್ಳಿಹಾಕಿದ್ದು ಇದನ್ನೇ. ಎಲ್ಲ ಮಕ್ಕಳಿಗೂ ಮೇಷ್ಟರು ಹೇಗೂ ಪೂರ್ತಿ ಅಂಕ ಹಾಕುತ್ತಾರೆ ಬಿಡಿ ಎಂಬ ಉತ್ತರ ಬರುತ್ತದೆ. ಬರಲಿ. ಹಾಕಿದ ಅಂಕ ಕಾಗದದ ಮೇಲಿರುತ್ತದೆ, ಆ ಕೆಲಸ ಮಾಡಿದ್ದರೆ ಕೈಗೆ ಬರುತ್ತಿದ್ದ ವಿದ್ಯೆ ಮಾತ್ರ ಇರುವುದಿಲ್ಲ. 2025ರ ಅಕ್ಟೋಬರಿನಲ್ಲಿ ಸರಕಾರ ಉತ್ತೀರ್ಣತೆಯ ಗೆರೆಯನ್ನು ಶೇ. 35ರಿಂದ 33ಕ್ಕೆ ಇಳಿಸಿತು. 625ಕ್ಕೆ 206 ಬಂದರೆ, ಪ್ರತಿ ವಿಷಯದಲ್ಲೂ ಕನಿಷ್ಠ 30 ಇದ್ದರೆ ಪಾಸು. ನಮ್ಮ ಮೊಹಲ್ಲಾಗಳಲ್ಲಿ ಇದನ್ನು ಸಿಹಿಸುದ್ದಿಯಂತೆ ಹಂಚಿಕೊಂಡವರಿದ್ದಾರೆ. ಗೆರೆ ಇಳಿದಷ್ಟೂ ಅದನ್ನು ದಾಟಿದವನ ಪ್ರಮಾಣಪತ್ರದ ಬೆಲೆಯೂ ಇಳಿಯುತ್ತದೆ, ಆಗ ಸಂದರ್ಶನದ ಕೋಣೆಯಲ್ಲಿ ತಲೆಯೆತ್ತಿ ನಾಲ್ಕು ಮಾತಾಡುವ ಹುಡುಗನಿಗೂ ಮಾತು ಬಾರದ ಹುಡುಗನಿಗೂ ಇರುವ ಅಂತರವೇ ನಿರ್ಣಾಯಕವಾಗುತ್ತದೆ ಎಂಬುದನ್ನು ಅವರು ಯೋಚಿಸಿದಂತಿಲ್ಲ.

ಪ್ರತಿಭಾ ಕಾರಂಜಿಯ ವಿಷಯ ಇನ್ನೂ ವಿಚಿತ್ರ. ಇದು ಸರಕಾರವೇ ಎರಡು ದಶಕಗಳಿಂದ ನಡೆಸುತ್ತ ಬಂದ ಸ್ಪರ್ಧೆ. ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂದು ಏರುತ್ತ ಹೋಗುತ್ತದೆ. ಇದರ ಸ್ಪರ್ಧೆಗಳ ಪಟ್ಟಿಯನ್ನು ಒಮ್ಮೆ ಓದಿದವರಿಗೆ ಆಶ್ಚರ್ಯವಾದೀತು. ಕನ್ನಡ, ಇಂಗ್ಲಿಷ್ ಭಾಷಣಗಳ ಜೊತೆಗೆ ಉರ್ದು ಭಾಷಣವಿದೆ. ಧಾರ್ಮಿಕ ಪಠಣದಲ್ಲಿ ಸಂಸ್ಕೃತದ ಪಕ್ಕದಲ್ಲೇ ಅರಬಿ ಇದೆ. ಗಝಲ್ ಇದೆ, ಕವ್ವಾಲಿ ಇದೆ. ಸರಕಾರಿ ವೇದಿಕೆಯ ಮೇಲೆ, ಸರಕಾರಿ ಖರ್ಚಿನಲ್ಲಿ, ನಮ್ಮ ಮಗು ಕುರ್‌ಆನ್ ಪಠಿಸಿ ಬಹುಮಾನ ಪಡೆಯುವ ಅವಕಾಶ ಅದು. ನಮ್ಮ ಸಂಸ್ಕೃತಿಗೆ ಜಾಗವಿಲ್ಲ ಎಂದು ದೂರುವವರು ಇಟ್ಟ ಜಾಗವನ್ನು ಖಾಲಿ ಬಿಡುವುದೇಕೆ? ಪ್ರತಿದಿನ ಬೆಳಿಗ್ಗೆ ಮಕ್ತಬಿನಲ್ಲಿ ಸೊಗಸಾಗಿ ಓದುವ ಮಕ್ಕಳಿರುವ ಊರಿನಲ್ಲಿ ಅರಬಿ ಪಠಣಕ್ಕೆ ಒಂದೋ ಎರಡೋ ಹೆಸರು ಬಂದರೆ ಅದಕ್ಕೆ ಹೊಣೆ ಶಿಕ್ಷಣ ಇಲಾಖೆಯಲ್ಲ. ಮಕ್ತಬಿನ ಉಸ್ತಾದರಿಗೂ ಶಾಲೆಯ ಮುಖ್ಯೋಪಾಧ್ಯಾಯರಿಗೂ ಮುಖಪರಿಚಯವೇ ಇಲ್ಲದಿರುವುದು ಹೊಣೆ.

ಬಳ್ಳಾರಿ ಸೀಮೆಯ ಮಗುವಿಗೆ ಇನ್ನೊಂದು ಸಂಪತ್ತಿದೆ. ಅದರ ಬೆಲೆ ನಮಗೆ ಗೊತ್ತಿಲ್ಲ. ಮನೆಯಲ್ಲಿ ದಖನಿ, ಬಜಾರಿನಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹತ್ತು ವರ್ಷದ ಹುಡುಗ ಮೂರು ಭಾಷೆಗಳಲ್ಲಿ ಚೌಕಾಶಿ ಮಾಡಬಲ್ಲ. ಆದರೆ ಅದೇ ಹುಡುಗನನ್ನು ಮೈಕಿನ ಮುಂದೆ ನಿಲ್ಲಿಸಿದರೆ ಮೂರೂ ಭಾಷೆಗಳು ಗಂಟಲಲ್ಲೇ ಉಳಿಯುತ್ತವೆ. ಪ್ರಾರ್ಥನಾ ಸಭೆಯಲ್ಲಿ ಸುದ್ದಿ ಓದುವ ಐದು ನಿಮಿಷಗಳಿರುವುದು ಈ ಕಟ್ಟು ಬಿಚ್ಚುವುದಕ್ಕೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಕಾಲುವೆಯ ಕೊನೆಯಲ್ಲಿರುವ ಸಿರುಗುಪ್ಪದ ರೈತನ ಎದೆ ಆ ರಾತ್ರಿ ಹೊಡೆದುಕೊಂಡಂತೆ ಬೇರೆ ಯಾರದೂ ಹೊಡೆದುಕೊಂಡಿರಲಾರದು. ಅಂಥ ವಾರದಲ್ಲಿ ಶಾಲೆಯ ಮಗುವೊಂದು ಎದ್ದು ನಿಂತು, ಗೇಟು ಹೋದರೆ ನೀರು ಯಾಕೆ ಹೊರಬಿಡಬೇಕು, ನೀರು ಹೋದರೆ ಯಾವ ಬೆಳೆ ಹೋಗುತ್ತದೆ ಎಂದು ಸಹಪಾಠಿಗಳಿಗೆ ವಿವರಿಸಿದರೆ ಅದಕ್ಕಿಂತ ದೊಡ್ಡ ಸಮಾಜ ವಿಜ್ಞಾನದ ಪಾಠ ಯಾವುದಿದೆ?

ನವೆಂಬರ್ 1 ಬರುತ್ತದೆ. ಎಲ್ಲ ಶಾಲೆಗಳಲ್ಲೂ ರಾಜ್ಯೋತ್ಸವದ ಭಾಷಣ ಸ್ಪರ್ಧೆ ಇರುತ್ತದೆ. ಕನ್ನಡಕ್ಕಾಗಿ ಮುಸ್ಲಿಮರು ಏನು ಮಾಡಿದ್ದಾರೆ ಎಂದು ಮೂದಲಿಸುವವರು ಇದ್ದಾರೆ. ಬಳ್ಳಾರಿಯ ನೆಲವೇ ಅದಕ್ಕೆ ಉತ್ತರ ಹೇಳುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸೇರ್ಪಡೆಯ ಸಂಭ್ರಮಕ್ಕೆ ಹಾಕಿದ ಮಂಟಪವನ್ನು ಕಾಯುತ್ತಿದ್ದಾಗ ಆಸಿಡ್ ದಾಳಿಗೆ ಈಡಾಗಿ ಪ್ರಾಣ ಕೊಟ್ಟವರು ಪಿಂಜಾರ ಸಮುದಾಯದ ಪೈಲ್ವಾನ್ ರಂಜಾನ್ ಸಾಬ್. ಕರ್ನಾಟಕ ಏಕೀಕರಣದ ಹುತಾತ್ಮರ ಹೆಸರು ಹೇಳುವಾಗ ಮೊದಲಿಗೆ ಬರುವ ಹೆಸರು ಅದು. ಬಳ್ಳಾರಿಯ ಮುಸ್ಲಿಮ್ ಮಗುವೊಂದು ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಈ ಕಥೆಯನ್ನು ಶುದ್ಧ ಕನ್ನಡದಲ್ಲಿ ಹೇಳಿದರೆ, ಹತ್ತು ಸೌಹಾರ್ದ ಸಮಾವೇಶಗಳು ಮಾಡಲಾಗದ ಕೆಲಸವನ್ನು ಆ ನಾಲ್ಕು ನಿಮಿಷ ಮಾಡುತ್ತದೆ. ಆದರೆ ಮಗುವಿಗೆ ಹೇಳಿಕೊಡಲು ಮನೆಯಲ್ಲಿ ಯಾರಿಗಾದರೂ ಗೊತ್ತಿರಬೇಕಲ್ಲ!

ಶೈಕ್ಷಣಿಕ ಪ್ರವಾಸದ ಬಗ್ಗೆ ನಮ್ಮಲ್ಲಿರುವ ಅಸಡ್ಡೆಯೂ ಇದೇ ಬಗೆಯದು. ದೇಶದಲ್ಲಿ ಅಶೋಕನ ಹೆಸರು ನೇರವಾಗಿ ಕೆತ್ತಿರುವ ಶಾಸನಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ನಿಟ್ಟೂರು, ಉಡೇಗೋಳದ ಬಂಡೆಗಳು ಇರುವುದು ಸಿರುಗುಪ್ಪದ ಸೀಮೆಯಲ್ಲಿ. ತೆಕ್ಕಲಕೋಟೆ ಮತ್ತು ಬಳ್ಳಾರಿಗೆ ತಾಗಿದ ಸಂಗನಕಲ್ಲು, ಎರಡೂ ನವಶಿಲಾಯುಗದ ನೆಲೆಗಳು. ಕುರುಗೋಡು ಸಿಂದ ಅರಸರ ರಾಜಧಾನಿ. ದೂರದಿಂದ ವಿದ್ವಾಂಸರು ಬಂದು ನೋಡಿಹೋಗುವ ಕಲ್ಲುಗಳನ್ನು ಅಲ್ಲೇ ಹುಟ್ಟಿದ ಮಗು ನೋಡಿರುವುದಿಲ್ಲ. ‘ಅವರ ಗುಡಿ ನೋಡಲಿಕ್ಕೆ ನಮ್ಮ ಮಕ್ಕಳೇಕೆ’ ಎನ್ನುವ ಪೋಷಕರೂ ಇದ್ದಾರೆ. ಶಾಸನ ಓದುವುದು ಪೂಜೆಯಲ್ಲ, ಕೋಟೆ ನೋಡುವುದು ಧರ್ಮಾಂತರವಲ್ಲ. ಇತಿಹಾಸವನ್ನು ತಿರುಚುತ್ತಿದ್ದಾರೆ ಎಂದು ಎದೆ ಬಡಿದುಕೊಳ್ಳುವ ಸಮುದಾಯ ತನ್ನ ಮಕ್ಕಳಿಗೆ ಇತಿಹಾಸವನ್ನು ಕಣ್ಣಾರೆ ಕಾಣುವ ಅವಕಾಶ ತಪ್ಪಿಸುತ್ತದೆಯೆಂದರೆ ಏನೆನ್ನಬೇಕು?

ಇನ್ನು ಹೆಣ್ಣುಮಕ್ಕಳ ಮಾತು. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಬಂದ ಭಿನ್ನ ತೀರ್ಪು, ಯಾವುದನ್ನೂ ಈ ಸಮುದಾಯ ಮರೆತಿಲ್ಲ. ತಲೆಯ ಮೇಲಿನ ಬಟ್ಟೆಯ ನೆಪದಲ್ಲಿ ನಮ್ಮ ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿದ ಆ ದಿನಗಳಲ್ಲಿ ಇಡೀ ಸಮುದಾಯ ಒಂದೇ ಮಾತು ಹೇಳಿತು: ಶಿಕ್ಷಣ ನಮ್ಮ ಹೆಣ್ಣುಮಕ್ಕಳ ಹಕ್ಕು. ಸರಿಯಾದ ಮಾತು. ಆದರೆ ಆ ಮಾತಿಗೆ ನಮ್ಮ ಮನೆಯ ಹೊಸ್ತಿಲಲ್ಲೂ ಬೆಲೆ ಇರಬೇಕಲ್ಲವೇ? ತಾಲೂಕು ಮಟ್ಟದ ಸ್ಪರ್ಧೆಗೆ ಆಯ್ಕೆಯಾದ ಮಗಳನ್ನು ‘ಸಂಜೆಯಾಗುತ್ತದೆ, ಬೇಡ’ ಎಂದು ತಡೆಯುವವರು ಯಾರು? ಹತ್ತನೇ ತರಗತಿಯಲ್ಲಿ ಅಣ್ಣನಿಗಿಂತ ನೂರು ಅಂಕ ಹೆಚ್ಚು ಪಡೆದವಳನ್ನು ಸಂಬಂಧ ಬಂದಿದೆಯೆಂದು ಮನೆಯಲ್ಲಿ ಕೂರಿಸುವವರು ಯಾರು? 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚೂ ಇಲ್ಲ. ಕುರುಗೋಡಿನಿಂದ, ಸಿರುಗುಪ್ಪದಿಂದ ಬಳ್ಳಾರಿಯ ಕಾಲೇಜಿಗೆ ಹೋಗಿಬರಲು ಹಣವಿಲ್ಲ ಎಂಬ ಕಾರಣ ಅಂದೇ ಬಿದ್ದುಹೋಯಿತು. ಉಳಿದಿರುವ ಕಾರಣಕ್ಕೆ ಬೇರೆ ಹೆಸರುಗಳನ್ನು ಕೊಡುವುದನ್ನು ನಿಲ್ಲಿಸೋಣ. ಗೇಟು ಮುಚ್ಚಿದವರನ್ನು ಪ್ರಶ್ನಿಸುವ ನೈತಿಕ ಅಧಿಕಾರ ಇರುವುದು ಸ್ವಂತ ಮನೆಯ ಬಾಗಿಲು ತೆರೆದಿಟ್ಟವರಿಗೆ.

ಸೂಚನಾ ಫಲಕದ ಅತ್ಯಂತ ದುಬಾರಿ ಸಾಲಿಗೆ ಬರೋಣ. ರಾಷ್ಟ್ರೀಯ ಪ್ರತಿಭಾ ಹಾಗೂ ಆದಾಯ ಆಧಾರಿತ ವಿದ್ಯಾರ್ಥಿವೇತನ, ಎಲ್ಲರೂ ಕರೆಯುವಂತೆ ಎನ್‌ಎಮ್‌ಎಮ್‌ಎಸ್. ಎಂಟನೇ ತರಗತಿಯಲ್ಲಿ ಒಂದು ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಅಪ್ಪ ಸಾಲ ಮಾಡಿ ಸೇರಿಸಿದ ಖಾಸಗಿ ಕಾನ್ವೆಂಟಿನ ಮಗುವಿಗೆ ಇದು ದಕ್ಕುವುದಿಲ್ಲ. ಹಕ್ಕಿನ ಕಾಯ್ದೆ ಕೈಬಿಡುವ ಒಂಬತ್ತನೇ ತರಗತಿಯಲ್ಲೇ ಈ ಹಣ ಕೈಹಿಡಿಯುತ್ತದೆ ಎಂಬುದನ್ನು ಗಮನಿಸಿ. ಇಷ್ಟಾಗಿಯೂ ಅರ್ಜಿ ಹಾಕಿಸಲು ಮೇಷ್ಟರು ಮನೆಗೆ ಹೇಳಿಕಳಿಸಬೇಕು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಲು ತಂದೆಗೆ ಪುರುಸೊತ್ತಿಲ್ಲ. ಕೊನೆಗೆ ಪುರುಸೊತ್ತು ಸಿಕ್ಕಾಗ ದಿನಾಂಕ ಮುಗಿದಿರುತ್ತದೆ.

ಹೆಸರಿನ ರಗಳೆ ಪ್ರತ್ಯೇಕ ಅಧ್ಯಾಯಕ್ಕೆ ಅರ್ಹ. ಶಾಲಾ ದಾಖಲಾತಿಯಲ್ಲಿ ಮಹಮ್ಮದ್, ಆಧಾರಿನಲ್ಲಿ ಎಂ.ಡಿ., ಬ್ಯಾಂಕಿನಲ್ಲಿ ಮೊಹಮ್ಮದ್. ಒಂದೆಡೆ ಶೇಕ್ ಮೊದಲಿಗೆ, ಇನ್ನೊಂದೆಡೆ ಕೊನೆಗೆ, ಮೂರನೆಯದರಲ್ಲಿ ಶೇಕ್ ಇಲ್ಲವೇ ಇಲ್ಲ. ತಾಯಿಯ ಹೆಸರಿನಲ್ಲಿ ಬೀ, ಬೇಗಂ, ಬಾನು ಮೂರೂ ಸುತ್ತುತ್ತವೆ. ಗಣಕಯಂತ್ರಕ್ಕೆ ಇದು ಮೂರು ಬೇರೆ ಬೇರೆ ಮನುಷ್ಯರು. ಮಂಜೂರಾದ ಹಣ ಖಾತೆಗೆ ಬಾರದೆ ಮರಳುತ್ತದೆ. ಆಮೇಲೆ ‘ಮುಸ್ಲಿಮರಿಗೆ ಕೊಡುವುದಿಲ್ಲ’ ಎಂಬ ಮಾತು ಹೊರಡುತ್ತದೆ. ಕೊಡದಿರುವ ಪ್ರಸಂಗಗಳೂ ಇವೆ. 2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂದರಿಂದ ಎಂಟನೇ ತರಗತಿಯವರಿಗೆ ನಿಲ್ಲಿಸಿ ಒಂಬತ್ತು, ಹತ್ತಕ್ಕೆ ಸೀಮಿತಗೊಳಿಸಿತು. ಅದರ ಮರುತಿಂಗಳೇ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸುವುದಾಗಿ ಹೇಳಿತು. ಈ ಅನ್ಯಾಯದ ವಿರುದ್ಧ ದನಿ ಎತ್ತಲೇಬೇಕು. ಆದರೆ ಕಿತ್ತುಕೊಂಡದ್ದಕ್ಕೆ ಅಳುವಾಗ, ಇನ್ನೂ ಮೇಜಿನ ಮೇಲಿರುವುದನ್ನು ಎತ್ತಿಕೊಳ್ಳದಿರುವುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಮೇಜಿನ ಮೇಲಿರುವುದರಲ್ಲಿ ದೊಡ್ಡದು ಸಂವಿಧಾನದ 371(ಜೆ). 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಶೇಷ ಸ್ಥಾನ ನಿಜಾಮರ ಆಳ್ವಿಕೆಗೆ ಸೇರಿರದ ಬಳ್ಳಾರಿಗೂ ದೊರೆಯಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸ್ಥಳೀಯರಿಗೆ. ಸರಕಾರಿ ಉದ್ಯೋಗಗಳಲ್ಲೂ ಬಹುದೊಡ್ಡ ಪಾಲು. ಇದರಲ್ಲಿ ಜಾತಿ, ಮತದ ಪ್ರಶ್ನೆಯೇ ಇಲ್ಲ. ಸಿರುಗುಪ್ಪದ ಮುಸ್ಲಿಮ್ ಹುಡುಗನಿಗೆ ಮಂಗಳೂರಿನ, ಮೈಸೂರಿನ ಯಾವ ಹುಡುಗನಿಗೂ ಇಲ್ಲದ ಬಾಗಿಲು ತೆರೆದಿದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟು ಗಿರಣಿ ಸೇರಿದವನಿಗೆ ಆ ಬಾಗಿಲಿನಿಂದ ಏನು ಪ್ರಯೋಜನ? 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲಿದ್ದರೆ ಕಲಬುರಗಿ ಶೇ. 42.43ರೊಂದಿಗೆ ಕೊನೆಯಲ್ಲಿತ್ತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಬಹುತೇಕ ಪಟ್ಟಿಯ ಕೆಳಭಾಗದಲ್ಲೇ ಸಾಲುಗಟ್ಟಿದ್ದವು. ಮೀಸಲಿಟ್ಟ ಸೀಟಿನ ತನಕ ನಡೆದುಹೋಗುವ ಕಾಲುಗಳೇ ಬೆಳೆದಿಲ್ಲ.

ಇದಕ್ಕೆ ಸರಕಾರದ ಪಾಲೂ ಕಡಿಮೆಯಿಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಈ ಭಾಗ್ಯ. ಖಾಸಗಿ ಶಾಲೆಗಳಲ್ಲಿ ಪಾಠ ನಡೆಯಿತು. ಹಿಂದುಳಿದವರನ್ನು ಎಣಿಸಲು ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸಿದ ಈ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತೋ! ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಿತು. ಖಾಯಂ ಶಿಕ್ಷಕರಿಲ್ಲದ ಕಡೆ ಅತಿಥಿ ಶಿಕ್ಷಕರು, ಅವರೂ ಇಲ್ಲದ ಕಡೆ ಖಾಲಿ ಕುರ್ಚಿ. ಹೀಗಿದ್ದೂ ಗೋಡೆಪತ್ರಿಕೆ ಬರೆಸುವ, ಮಕ್ಕಳನ್ನು ಸ್ವಂತ ಖರ್ಚಿನಲ್ಲಿ ತಾಲೂಕು ಕೇಂದ್ರಕ್ಕೆ ಕರೆದೊಯ್ಯುವ ಶಿಕ್ಷಕರು ಈ ಜಿಲ್ಲೆಯಲ್ಲಿದ್ದಾರೆ. ಅವರ ಧರ್ಮ ಯಾವುದು ಎಂದು ಕೇಳುವುದಕ್ಕಿಂತ ಅವರಿಗೆ ಒಂದು ಸಲಾಮ್ ಹೇಳುವುದು ಲೇಸು. ನಮ್ಮವರೇ ನಡೆಸುವ ಇಂಗ್ಲಿಷ್ ಮಾಧ್ಯಮ ಶಾಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರಂತಸ್ತಿನ ಕಟ್ಟಡ, ಆಟದ ಮೈದಾನವಿಲ್ಲ, ಗ್ರಂಥಾಲಯವೆಂದರೆ ಬೀಗ ಹಾಕಿದ ಒಂದು ಕಪಾಟು, ವಾರ್ಷಿಕೋತ್ಸವಕ್ಕೆ ಮಾತ್ರ ರಾಜಕಾರಣಿಯ ದೊಡ್ಡ ಭಾವಚಿತ್ರ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆ ಬೇಡ, ಹೊಸ ಸಂಘಟನೆಯಂತೂ ಬೇಡವೇ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕದಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ನಮ್ಮ ತಾಯಂದಿರು ಅಲ್ಲಿ ಕೂರಲಿ, ಹಾಜರಿ ಪುಸ್ತಕ ಕೇಳಲಿ. ಇದು ಒಂದು. ಎರಡನೆಯದು ಮಸೀದಿ ಆಡಳಿತ ಮಂಡಳಿಗಳಿಗೆ ಸಂಬಂಧಿಸಿದ್ದು. ಪ್ರತಿ ಶುಕ್ರವಾರ ಜುಮಾ ನಮಾಝಿನ ನಂತರ ಪ್ರಕಟಣೆಗಳಿರುತ್ತವೆ. ಯಾರದೋ ಮನೆಯ ನಿಕಾಹ್, ಕಟ್ಟಡ ನಿಧಿಗೆ ಬಂದ ಚಂದಾ, ಕಳೆದುಹೋದ ಬೀಗದ ಕೈ. ಅದರ ಜೊತೆಗೆ ಐದು ನಿಮಿಷ, ಆ ಮೊಹಲ್ಲಾದ ಶಾಲೆಯ ವಾರದ ಸುದ್ದಿಯನ್ನೂ ಓದಿ. ಯಾವ ಅರ್ಜಿಗೆ ಯಾವ ದಿನ ಕೊನೆ, ಯಾವ ಪರೀಕ್ಷೆ ಯಾವಾಗ, ಪೋಷಕರ ಸಭೆ ಎಂದು, ಪ್ರತಿಭಾ ಕಾರಂಜಿಯಲ್ಲಿ ಯಾರ ಮಗಳು ಗೆದ್ದಳು. ದೀರ್ಘ ಕಾಲ ಶಾಲೆಗೆ ಬಾರದ ಮಗುವಿನ ಹೆಸರನ್ನು ಮೈಕಿನಲ್ಲಿ ಹೇಳುವುದು ಬೇಡ, ಅದು ಅವಮಾನ. ಮರುದಿನ ಇಬ್ಬರು ಹಿರಿಯರು ಆ ಮನೆಯ ಬಾಗಿಲು ತಟ್ಟಿದರೆ ಸಾಕು.

ಈ ಸಲಹೆಗೆ ಬರುವ ಆಕ್ಷೇಪ ಗೊತ್ತಿದೆ. ಮಸೀದಿಯಲ್ಲಿ ದುನಿಯಾದ ಮಾತೇಕೆ ಎಂದು ಕೇಳುತ್ತಾರೆ. ವಿದ್ಯೆಯ ಶ್ರೇಷ್ಠತೆಯ ಮೇಲೆ ಅದೇ ಮಿಂಬರಿನಿಂದ ವರ್ಷಕ್ಕೆ ಹಲವು ಪ್ರವಚನಗಳು ನಡೆಯುತ್ತವೆ, ಯಾರೂ ಆಕ್ಷೇಪಿಸುವುದಿಲ್ಲ. ಆ ವಿದ್ಯೆಯ ಅರ್ಜಿಗೆ ಕೊನೆಯ ದಿನಾಂಕ ಹೇಳಿದೊಡನೆ ಅದು ದುನಿಯಾ ಆಗಿಬಿಡುತ್ತದೆಯೇ? ಕೌಲ್‌ಬಜಾರಿನ, ಸಿರುಗುಪ್ಪದ, ಕುರುಗೋಡಿನ ಮುತವಲ್ಲಿಗಳು ಮುಂದಿನ ಶುಕ್ರವಾರದ ಮೊದಲು ಹತ್ತಿರದ ಪ್ರೌಢಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಒಂದು ಹಾಳೆ ಕೇಳಲಿ. ಅವರು ಕುರ್ಚಿ ಹಾಕಿ ಕೂರಿಸಿ, ಬರೆದುಕೊಡುತ್ತಾರೆ.